ಬಿಡಾರದಲ್ಲಿ ಮಲಗುತ್ತಿದ್ದ ಟೀಚರಮ್ಮ

ಹೋದ ತಿಂಗಳು ನಮ್ಮ ಮನೆ ಓನರಮ್ಮ ತೀರಿಕೊಂಡರು. ನಿವೃತ್ತ ಶಿಕ್ಷಕರೆಲ್ಲ ಸೇರಿ ಹೊಸೂರಿನ ಒಂದು ಸಣ್ಣ ಕಲ್ಯಾಣಮಂಟಪದಲ್ಲಿ ಸಂತಾಪ ಸಭೆ ಇಟ್ಟುಕೊಂಡಿದ್ದರು. ಫೋಟೋಗೆ ಹಾರ, ಬಾಡಿಗೆ ಮೈಕು, ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ. ಮೈಕಿನ ಮುಂದೆ ಬಂದವರು ತಮಿಳಿನಲ್ಲೂ ಕನ್ನಡದಲ್ಲೂ ತೆಲುಗಿನಲ್ಲೂ ಒಂದೇ ಮಾತು ಹೇಳಿದರು: ತಾಳ್ಮೆಯ ಮೂರ್ತಿ, ಮೆದು ಮಾತಿನವರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ, ಬೇರೆ ಯಾರದೋ ಸಭೆಗೆ ಬಂದುಬಿಟ್ಟೆನೇ ಎಂದು ಅನುಮಾನವಾಯಿತು. ನಾನು ಕಂಡ ಹೆಂಗಸಿಗೆ ತಾಳ್ಮೆ ಎಂಬುದು ಹೆಸರಿಗೂ ಇರಲಿಲ್ಲ. ಸದ್ಯ, ಇರಲಿಲ್ಲ.

ಸಭೆ ಅರ್ಧವಾದಾಗ ಬಸ್ ಸ್ಟ್ಯಾಂಡಿನಲ್ಲಿ ಮಣಿಸರ ಮಾರುವ ಹೆಂಗಸರು ಏಳೆಂಟು ಜನ ಬಂದರು. ಬಾಗಿಲಲ್ಲಿದ್ದವನು ಅವರನ್ನು ತಡೆದು, "ಜಾಗ ಇಲ್ಲಮ್ಮ, ಆಚೆ ನಿಂತ್ಕೊಳಿ" ಅಂದ. ಒಳಗೆ ಅರ್ಧಕ್ಕರ್ಧ ಕುರ್ಚಿಗಳು ಖಾಲಿ ಇದ್ದವು. ಅವರು ಜಗಳವಾಡಲಿಲ್ಲ. ಚರಂಡಿ ಪಕ್ಕ ನಿಂತು, ಭಾಷಣಗಳೆಲ್ಲ ಮುಗಿಯುವ ತನಕ ನಿಂತೇ ಇದ್ದು ಹೋದರು. ಆ ಖಾಲಿ ಕುರ್ಚಿಗಳ ಸಿಟ್ಟಿಗೆ ಇದನ್ನು ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಊರಿಗೆಲ್ಲ ಅವರು ಟೀಚರಮ್ಮ. ಹೊಸೂರಿನ ಹಳೇ ಮನೆತನ. ಜವಳಗಿರಿಯ ಶಾಲೆಯಲ್ಲಿ ಭೂಗೋಳ ಕಲಿಸಲು ಸೇರಿ, ಅಲ್ಲಿಂದ ಇಲ್ಲಿಂದ ಸುತ್ತಿ ಹೊಸೂರಿನಲ್ಲೇ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಮತ್ತಿಗಿರಿಯಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸಿ ಮೇಲಿನದನ್ನು ಬಾಡಿಗೆಗೆ ಬಿಟ್ಟಿದ್ದರು. ಎಡ ಬಲ ಅನ್ನುವ ಮಾತೇ ಅವರ ಬಾಯಲ್ಲಿ ಬರುತ್ತಿರಲಿಲ್ಲ. "ಆ ಪೂರ್ವದ ಬಕೆಟ್ ತಗೊಂಬಾ" ಅನ್ನುವರು. ಸಾರಿನ ಪಾತ್ರೆಗೂ ಉತ್ತರ ದಕ್ಷಿಣ ಇತ್ತು. ಕಾಫಿ ಆರಿದ್ದರೆ ಮಾಡಿಕೊಟ್ಟವರ ಕಣ್ಣೆದುರಿಗೇ ಕರಿಬೇವಿನ ಗಿಡಕ್ಕೆ ಸುರಿದು ಲೋಟ ವಾಪಸ್ ಕೊಡುವರು.

ನಾವು ಗಂಡ ಹೆಂಡತಿ ತಿಪಟೂರಿನ ಕಡೆಯವರು, ಇಬ್ಬರೂ ಹೊಸೂರಿನ ಫ್ಯಾಕ್ಟರಿಗಳಲ್ಲಿ ಕೆಲಸಕ್ಕಿರುವವರು. ನಾನು ಬಿ.ಕಾಂ. ಓದಿ ಲೆಕ್ಕದ ವಿಭಾಗದಲ್ಲಿ ಇದ್ದೇನೆ. ಮನೆ ನೋಡಲು ಹೋದ ದಿನ ಟೀಚರಮ್ಮ ಅಡ್ವಾನ್ಸ್ ಮಾತಿಗೂ ಮುಂಚೆ, ನನ್ನ ಗಂಡನ ಎದುರಿಗೇ ನನ್ನನ್ನು ಕೇಳಿದರು.

"ಇವನು ಹೊಡೀತಾನೇನಮ್ಮ?"

ನನ್ನ ಗಂಡ ಚಪ್ಪಲಿ ಬಿಚ್ಚುತ್ತಿದ್ದವನು ಹಾಗೇ ಒಂಟಿ ಕಾಲಲ್ಲಿ ನಿಂತ. ನಾನು ಇಲ್ಲ ಅಂದೆ.

"ಸರಿ. ಹೊಡೆದ್ರೆ ಖಾಲಿ ಮಾಡ್ಬೇಕಾದೋನು ಅವನು, ನೀನಲ್ಲ. ನೀನು ಎಷ್ಟು ದಿನ ಬೇಕಾದ್ರೂ ಇರ್ಬೋದು. ನೀರು ಬೆಳಿಗ್ಗೆ ಹೊತ್ತು ಬರ್ತದೆ, ಮೋಟ್ರು ಹಾಕೋದು ಮರೀಬೇಡ."

ಅಷ್ಟೇ ಕರಾರು.

ಅವರ ಜಗುಲಿಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಲೆಮಾರಿ ಹೆಂಗಸರು ಕೂತು ಮಣಿ ಪೋಣಿಸುತ್ತಿದ್ದರು. ಕನ್ನಡದವರು ಹಕ್ಕಿಪಿಕ್ಕಿ ಎಂದೂ ತಮಿಳರು ನರಿಕ್ಕುರವರ್ ಎಂದೂ ಕರೆಯುವ ಜನ. ಹಕ್ಕಿ ಹಿಡಿಯುವುದು ಹೋಗಿ ಯಾವ ಕಾಲವಾಯಿತೋ, ಹೆಸರು ಮಾತ್ರ ಉಳಿದಿದೆ. ಈಗ ಅವರ ಬದುಕು ಪಿನ್ನು, ಬಾಚಣಿಗೆ, ಪಾಸಿಮಣಿ ಎನ್ನುವ ಬಣ್ಣದ ಸಣ್ಣ ಮಣಿ, ಅಯ್ಯಪ್ಪನ ಭಕ್ತರ ಕಾಲ ಬಂದರೆ ರುದ್ರಾಕ್ಷಿ ತುಳಸಿ ಮಾಲೆ. ಒಂದಷ್ಟು ಕುಟುಂಬಗಳು ಮತ್ತಿಗಿರಿ ಆಚೆಯ ಕೆರೆ ಬದಿಯಲ್ಲಿ ಟಾರ್ಪಾಲು ಮತ್ತು ಹಳೇ ಫ್ಲೆಕ್ಸಿನ ಡೇರೆ ಹಾಕಿಕೊಂಡಿದ್ದವು. ಯಾವ ಯಾವ ಚುನಾವಣೆಯಲ್ಲೋ ಕೈಮುಗಿದು ನಕ್ಕ ಮುಖಗಳ ಕೆಳಗೆ ಅವರ ಮಕ್ಕಳು ನಿದ್ದೆ ಮಾಡುತ್ತಿದ್ದವು.

ಟೀಚರಮ್ಮ ಮುಂದಿನ ಕೋಣೆಯ ಉಕ್ಕಿನ ಬೀರುವಿನಲ್ಲಿ ಆ ಹೆಂಗಸರ ಮಣಿ, ತಂತಿ, ಇಕ್ಕಳ ಎಲ್ಲ ಇಟ್ಟಿರುತ್ತಿದ್ದರು. "ಕುಡಿದು ಬಂದೋನು ಮೊದ್ಲು ಕಿತ್ತು ಎಸೆಯೋದು ಸರಗಳನ್ನ. ಆಮೇಲೆ ಇವಳ್ನ. ಮಣಿ ಉಳಿದ್ರೆ ನಾಳೆ ವ್ಯಾಪಾರ ಉಳೀತು, ವ್ಯಾಪಾರ ಉಳಿದ್ರೆ ಅವನ ಮುಂದೆ ಕೈ ಚಾಚೋದು ತಪ್ತು" ಅನ್ನುವರು.

ಎದುರುಮನೆಯ ಆಂಟಿ ಒಂದು ದಿನ ಗೇಟಿನ ಆಚೆಯೇ ನಿಂತು, "ಇಂಥೋರ್ನೆಲ್ಲ ಒಳಗೆ ಬಿಟ್ಕೋತೀರಲ್ಲ ಟೀಚರಮ್ಮ, ಬೀದೀಲಿ ಕಳ್ಳತನ ಗಿಳ್ಳತನ ಆದ್ರೆ?" ಎಂದರು.

"ಬೀದೀಲಿ ಆಗಿರೋದು ಒಂದೇ ಕಳ್ಳತನ. ನಿಮ್ಮನೇಲಿ. ನಿಮ್ಮಳಿಯ ಚೈನ್ ಎತ್ಕೊಂಡು ಹೋಗಿದ್ದು. ಅವನನ್ನ ಇನ್ನೂ ಒಳಗೆ ಬಿಟ್ಕೋತಿದೀರಲ್ಲ."

ಜಗುಲಿಯಲ್ಲಿದ್ದ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡರು. ಯಾರ ಮನಸ್ಸನ್ನೂ ನೋಯಿಸದವರು ಎಂದು ಮೈಕಿನಲ್ಲಿ ಹೇಳಿದವರು ಇದೇ ಆಂಟಿಯ ಯಜಮಾನರು.

ಮೊದಮೊದಲು ನನಗೆ ಟೀಚರಮ್ಮನ ಒಂದು ರೀತಿ ಅರ್ಥವಾಗಲಿಲ್ಲ. ಕಣ್ಣು ಊದಿಸಿಕೊಂಡು, ತುಟಿ ಒಡೆಸಿಕೊಂಡು ಯಾರೇ ಬಂದರೂ ಅನ್ನ ಹಾಕುವರು, ಆಸ್ಪತ್ರೆಗೆ ಕರೆದೊಯ್ಯುವರು, ಆದರೆ ಸೂರ್ಯ ಇಳಿಯುತ್ತಿದ್ದ ಹಾಗೆ ತಾವೇ ಎಬ್ಬಿಸಿ ಕಳಿಸಿಬಿಡುವರು. "ಹೊತ್ತಾಯ್ತು, ಏಳು." ಅಷ್ಟು ದೊಡ್ಡ ಮನೆಯಲ್ಲಿ ಒಂದು ರಾತ್ರಿಗೆ ಜಾಗವಿಲ್ಲವೇ ಎಂದು ನನಗೆ ಕೋಪ ಬರುತ್ತಿತ್ತು. ಒಂದು ಸಂಜೆ ಕೇಳಿಯೇಬಿಟ್ಟೆ. "ಹೊಡೆಯೋನ ಹತ್ರಕ್ಕೇ ಯಾಕೆ ವಾಪಸ್ ಕಳಿಸ್ತೀರ?"

ಅಂದು ಅವರು ಹೇಳಿದ್ದನ್ನು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಯಾವುದೂ ತಿಳಿಯುವುದಿಲ್ಲ. ಆ ಬಿಡಾರದವರದು ಹಳೆಯ ಕಟ್ಟಳೆ. ಬೇರೆ ಕಡೆ ಸಡಿಲವಾಗಿರಬಹುದು, ಇವರಲ್ಲಿ ಬಿಗಿಯಾಗಿಯೇ ಇತ್ತು. ಹೆಂಗಸು ಹಗಲೆಲ್ಲ ಎಲ್ಲಿ ಬೇಕಾದರೂ ಸುತ್ತಬಹುದು, ಬಸ್ಸು ಹತ್ತಿ ಕೃಷ್ಣಗಿರಿಗೆ ಹೋಗಬಹುದು, ಪೇಟೆಯ ಗಂಡಸರ ಜೊತೆ ಚೌಕಾಸಿ ಮಾಡಬಹುದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾತ್ರ ತನ್ನವರ ನಡುವೆ ಇರಬೇಕು. ಒಂದು ರಾತ್ರಿ ಹೊರಗೆ ಕಳೆದಳೋ, ಕುಲ ತಪ್ಪಿದಳು. ಡೇರೆ ಹೋಯಿತು, ಮಕ್ಕಳು ಗಂಡನ ಕಡೆಗೆ. ಯಾವ ಹೆಂಗಸೂ ಅವಳ ಪಕ್ಕ ಕೂತು ಮಣಿ ಪೋಣಿಸುವ ಹಾಗಿಲ್ಲ.

ಟೀಚರಮ್ಮನಿಗೆ ಮೊದಲು ಅದು ಗೊತ್ತಿರಲಿಲ್ಲ. ನಾವು ಬರುವ ಎಷ್ಟೋ ಮುಂಚೆ, ಬಸ್ ಸ್ಟ್ಯಾಂಡಿನಲ್ಲಿ ಏಟು ತಿಂದು ಕೂತಿದ್ದ ಆ ಬಿಡಾರದ ಒಬ್ಬ ಹುಡುಗಿಯನ್ನು ಅವರೇ ಆಟೋದಲ್ಲಿ ಕೂರಿಸಿಕೊಂಡು ಹೋಗಿ ಹೆಂಗಸರ ಆಶ್ರಯಧಾಮವೊಂದಕ್ಕೆ ಸೇರಿಸಿದ್ದರು. ಅಲ್ಲಿಯವರು ಮೊದಲು ಅವಳ ಇಕ್ಕಳ, ತಂತಿ ಕಿತ್ತಿಟ್ಟುಕೊಂಡರು, ಆಯುಧಗಳಂತೆ. ತಲೆಗೆ ಫಿನಾಯಿಲ್ ವಾಸನೆಯ ಏನನ್ನೋ ಹಾಕಿ ತೊಳೆಸಿದರು. ಬೇರೆ ತಟ್ಟೆ, ಬೇರೆ ಲೋಟ. ಹೊಲಿಗೆ ಕಲಿ, ಬದಲಾಗು ಎಂದರು. ರಾತ್ರಿ ಹೊರಗಿನಿಂದ ಚಿಲಕ. ಹುಟ್ಟಿದಾಗಿನಿಂದ ಬಾಗಿಲೇ ಇಲ್ಲದ ಕಡೆ ಮಲಗಿದವಳು ಬೆಳಗಾಗುವ ತನಕ ಕಿರುಚಿದಳಂತೆ. ಬಿಟ್ಟ ಮೇಲೆ ಬಿಡಾರಕ್ಕೆ ಓಡಿದರೆ ಬಿಡಾರ ಸೇರಿಸಲಿಲ್ಲ.

"ಗಂಡ ಹೊಡೆದಿದ್ದು ಮೈಗೆ. ನಾನು ಒಂದು ರಾತ್ರೀಲಿ ಅವಳ ಜನಾನೇ ಇಲ್ದಂಗೆ ಮಾಡ್ಬುಟ್ಟೆ" ಎಂದರು ಟೀಚರಮ್ಮ. ಆ ಹುಡುಗಿ ಆಮೇಲೆ ಎಲ್ಲಿ ಹೋದಳೋ ಹೊಸೂರಿನಲ್ಲಿ ಯಾರಿಗೂ ಗೊತ್ತಿಲ್ಲ. "ಉಪಕಾರ ಮಾಡೋಕೆ ಹೋಗೋರಿಗೆ ಮೊದ್ಲು ನಾಕು ಬಿಡ್ಬೇಕು. ನನಗೂ ಸೇರಿಸಿ."

ಆಮೇಲಿನಿಂದ ಅವರು ಬೇರೆ ದಾರಿ ಹಿಡಿದರು. ಅವರ ಹೆಂಗಸರು ರಾತ್ರಿ ಹೊರಗೆ ಉಳಿಯುವ ಹಾಗಿಲ್ಲ ತಾನೆ, ನಾನು ಉಳಿಯಬಹುದಲ್ಲ ಎಂದರು. ಯಾವಳಿಗಾದರೂ ಅಪಾಯ ಎನಿಸಿದ ದಿನ, ಮಂಡಿ ನೋವಿನ ಈ ಹೆಂಗಸು ಮಡಚುವ ಮಂಚ ಒಂದನ್ನು ಶೇರ್ ಆಟೋದ ಹಿಂದೆ ಕಟ್ಟಿಸಿಕೊಂಡು ಬಿಡಾರಕ್ಕೆ ಹೋಗಿ, ಅವಳ ಡೇರೆಯ ಬಾಯಿಗೆ ಅಡ್ಡವಾಗಿ ಹಾಕಿ ಮಲಗಿಬಿಡುತ್ತಿದ್ದರು. ಪಕ್ಕದಲ್ಲಿ ಟಾರ್ಚು, ಸೊಳ್ಳೆ ಬತ್ತಿ. ಗಂಡ ಎನಿಸಿಕೊಂಡವನು ಒಳಗೆ ಹೋಗಬೇಕಾದರೆ ಊರಿನ ಅರ್ಧ ಗಂಡಸರಿಗೆ ಅಕ್ಷಾಂಶ ರೇಖಾಂಶ ಕಲಿಸಿದ ಹೆಂಗಸನ್ನು ದಾಟಿ ಹೋಗಬೇಕು. ಹೆದರಿಕೆ ಆಗಲ್ಲವೇ ಎಂದು ಕೇಳಿದ್ದಕ್ಕೆ, "ಜವಳಗಿರೀಲಿ ಸ್ಕೂಲ್ ಕಾಂಪೌಂಡಿಗೆ ಆನೆ ಬರ್ತಿತ್ತು ಕಣಮ್ಮ. ಅದಕ್ಕೆ ಕುಡಿಯೋ ಚಟ ಇರ್ಲಿಲ್ಲ, ಅಷ್ಟೇ ವ್ಯತ್ಯಾಸ" ಎಂದರು.

"ಈ ಜನದಲ್ಲಿ ಇದೆಲ್ಲ ಮಾಮೂಲಿ" ಎಂದು ಯಾರಾದರೂ ಅಂದರೆ ಅವರ ಮೂಗಿನ ತುದಿ ಕೆಂಪಾಗುತ್ತಿತ್ತು. "ನಮ್ಮ ಬೀದೀಲಿ ಹೊಡಿಯೋರು ಕಿಟಕಿ ಹಾಕ್ಕೊಂಡು ಹೊಡೀತಾರೆ. ಅವರಿಗೆ ಕಿಟಕಿ ಇಲ್ಲ."

ಈಗ ಆ ಭಾನುವಾರದ ಮಾತು. ನಮ್ಮ ಫ್ಯಾಕ್ಟರಿಯಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನ ಪಕ್ಕ ನಡೆದು ಹೋಗುವಾಗ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದಾದರೆ ಇವತ್ತಿಗೂ ಗೋಡೆ ಹಿಡಿದು ನಿಲ್ಲುತ್ತೇನೆ.

ಊಟದ ಹೊತ್ತು. ನನ್ನ ಗಂಡ ಶಿಫ್ಟಿಗೆ ಹೋಗಿದ್ದ. ನಾನು ಕೆಳಗೆ ಟೀಚರಮ್ಮನ ಜೊತೆ ಕೂತು ಅವರೆಕಾಳು ಬಿಡಿಸುತ್ತಿದ್ದೆ. ಲಲಿತಾ ಓಡಿ ಬಂದಳು. ಜಗುಲಿಗೆ ದಿನಾ ಬರುವವಳು, ಇಪ್ಪತ್ತೈದರ ಒಳಗಿನ ಹುಡುಗಿ, ಒಂದು ಹೆಣ್ಣು ಮಗುವಿನ ತಾಯಿ. ಕಿವಿಯಿಂದ ರಕ್ತ ಇಳಿದು ರವಿಕೆಯ ತೋಳು ನೆನೆದಿತ್ತು. ಹಿಂದೆಯೇ ಅವಳ ಗಂಡ. ಅವನ ಕೈಯಲ್ಲಿ ಡೇರೆಯ ಗೂಟ ನೆಡುವ ಕಬ್ಬಿಣದ ಹಾರೆ.

ಟೀಚರಮ್ಮ ಲಲಿತಾಳನ್ನು ಒಳಗೆ ನೂಕಿ ಜಗುಲಿಯ ಗ್ರಿಲ್ಲು ಎಳೆದರು. ಚಿಲಕ ಹಾಕಲು ಕೈಯನ್ನು ಸರಳಿನ ಆಚೆ ಚಾಚಬೇಕು. ಚಾಚಿದ್ದಾಗಲೇ ಅವನು ಬೀಸಿದ. ಹಾರೆ ಸರಳಿಗೆ ಬಡಿದು ಜಾರಿ ಅವರ ಮಣಿಕಟ್ಟಿಗೆ ಬಿತ್ತು. ಅವರು ಕೂಗಲಿಲ್ಲ. ಅದೇ ಕೈಯಲ್ಲಿ ಚಿಲಕ ಸರಿಸಿ ಆಮೇಲೆ ಕೈ ಒಳಗೆ ತೆಗೆದುಕೊಂಡರು. ನಾನು ಅವರೆಕಾಯಿ ಸಿಪ್ಪೆಯ ಮೊರ ಎದೆಗೆ ಹಿಡಿದುಕೊಂಡು ನಿಂತಿದ್ದೆ, ಅದು ಗುರಾಣಿಯೇನೋ ಎಂಬಂತೆ.

ಅವನು ಇನ್ನೊಮ್ಮೆ, ಮತ್ತೊಮ್ಮೆ ಗ್ರಿಲ್ಲಿಗೆ ಬಡಿದ. ಬೀದಿಯ ಬಾಗಿಲುಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ಆಮೇಲೆ ಅವನಿಗೆ ಏನೋ ಹೊಳೆಯಿತು. ಬಡಿಯುವುದು ನಿಲ್ಲಿಸಿದ. ಗೇಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಹಾರೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಹಚ್ಚಿದ.

"ಇಟ್ಕೊ ಟೀಚರಮ್ಮ. ಚೆಂದಾಗಿ ಇಟ್ಕೊ. ನಂಗೇನು ಅವಸ್ರ ಇಲ್ಲ. ಕತ್ಲಾಗ್ಲಿ. ಆಮೇಕೆ ನೀನೇ ಇಟ್ಕೋಬೇಕಾಯ್ತದೆ ಅವ್ಳನ್ನ."

ಹಾರೆಗಿಂತ ಆ ಮಾತಿಗೆ ನಾನು ಹೆಚ್ಚು ಹೆದರಿದೆ. ಅವನು ಏನೂ ಮಾಡಬೇಕಾಗಿರಲಿಲ್ಲ. ಕೂತಿದ್ದರೆ ಸಾಕಿತ್ತು. ಲಲಿತಾ ಆಚೆ ಬಂದರೆ ಹಾರೆ, ಒಳಗೇ ಇದ್ದರೆ ಕತ್ತಲು. ಅವಳ ಮಗು ಬಿಡಾರದಲ್ಲಿ, ಅಲ್ಲಿನವರೆಲ್ಲ ಮಾತು ಕೇಳುವ ಮುದುಕಿಯೊಬ್ಬಳ ಹತ್ತಿರ ಇತ್ತು. ಕತ್ತಲಾದರೆ ಆ ಮಗು ಅವನದು.

ಟೀಚರಮ್ಮ ತಮ್ಮ ಮರದ ಸ್ಕೇಲನ್ನು ಮಣಿಕಟ್ಟಿಗೆ ಆನಿಸಿ, ನನ್ನ ಕೈಲಿ ಟವೆಲ್ ಸುತ್ತಿಸಿಕೊಂಡರು. ಆಸ್ಪತ್ರೆಗೆ ಮೊದಲು ಹೋಗೋಣ ಎಂದೆ. "ಮೂಳೆ ಎಲ್ಲೂ ಓಡಿ ಹೋಗಲ್ಲ. ಪಡುವಲ ಬಾಗಿಲು ತೆಗಿ."

ಲಲಿತಾಳನ್ನೂ ಕರೆದುಕೊಂಡು ಹಿತ್ತಿಲ ಬಾಗಿಲಿಂದ ಆಚೆ ಬೀದಿಗೆ ಬಂದು ಆಟೋ ಹಿಡಿದು ಠಾಣೆಗೆ ಹೋದೆವು. ಬಿಸಿಲು ಇನ್ನೂ ಚೆನ್ನಾಗಿತ್ತು. ಮೇಜಿನ ಹಿಂದಿದ್ದ ಹೆಡ್ ಕಾನ್‌ಸ್ಟೇಬಲ್ ಟೀಚರಮ್ಮನನ್ನು ನೋಡಿ ಎದ್ದು ನಿಂತ. ಅವರ ಹಳೇ ವಿದ್ಯಾರ್ಥಿ.

"ಅಯ್ಯೋ, ಕೈಗೇನಾಯ್ತು ಟೀಚರಮ್ಮ? ಯಾವನು? ಹೇಳಿ, ಈಗ್ಲೇ ಬರ್ಕೊತೀನಿ."

"ನಂದು ಬೇಡ. ಅವಳ್ದು ಬರ್ಕೊ."

ಅವನು ಲಲಿತಾಳ ಕಡೆ ನೋಡಿದ. ಪೆನ್ನು ಕೆಳಗಿಟ್ಟ. "ಇವ್ರದ್ದಾ. ಇವರವರಲ್ಲೇ ಪಂಚಾಯ್ತಿ ಮಾಡ್ಕೊತಾರೆ ಟೀಚರಮ್ಮ. ಇವತ್ತು ಕಂಪ್ಲೇಂಟು, ನಾಳೆ ಗಂಡನ ಜೊತೆ ಬೀಡಿ ಸೇದ್ಕೊಂಡು ಬಂದು ವಾಪಸ್ ತಗೊತಾರೆ. ನಿಮ್ದು ಬೇರೆ. ನಿಮ್ದು ಕೊಡಿ, ಹತ್ತು ನಿಮಿಷದಲ್ಲಿ ಎತ್ತಾಕ್ಕೊಂಡು ಬತ್ತೀನಿ ಅವನನ್ನ."

"ನನಗೆ ಬಿದ್ದಿದ್ದು ಒಂದೇಟು ಕಣ್ಲಾ. ಅದೂ ಅವಳಿಗೆ ಬೀಳ್ಬೇಕಾಗಿದ್ದು ಜಾರಿ ಬಂದಿದ್ದು. ಒಂದೇಟಿಗೆ ನಿನ್ನ ಪೆನ್ನು ಬರೀತದೆ, ಇವಳಿಗೆ ಮದುವೆ ಆದಾಗಿಂದ ಬಿದ್ದಿದ್ದಕ್ಕೆ ಇಂಕು ಇಲ್ವಾ? ಮೊದ್ಲು ಇವಳ್ದು. ಆಮೇಲೆ ನಂದು."

"ಇವ್ರದ್ದು ಎಫ್‌ಐಆರ್ ಅಂದ್ರೆ ಐಯಾ ಬರ್ಬೇಕು. ಕೂತಿರಿ."

ಕೂತೆವು. ಐಯಾ ಎಂದರೆ ಎಸ್.ಐ. ಅವರು ಈಗ ಬರುತ್ತಾರೆ, ಬಂದೋಬಸ್ತಿಗೆ ಹೋಗಿದ್ದಾರೆ, ಊಟಕ್ಕೆ ಹೋಗಿದ್ದಾರೆ, ದಾರಿಯಲ್ಲಿದ್ದಾರೆ. ಲಲಿತಾಳನ್ನು ಬೆಂಚಿನ ಮೇಲೆ ಕೂರಬೇಡ ಎಂದರು. ಅವಳು ನೆಲದ ಮೇಲೆ ಕೂತಳು. ಟೀಚರಮ್ಮನೂ ಮಂಡಿ ಹಿಡಿದುಕೊಂಡು ನೆಲಕ್ಕೇ ಇಳಿದರು. ಆಗ ಯಾರೋ ಕುರ್ಚಿ ತಂದರು, ಒಂದೇ ಕುರ್ಚಿ. ಅದು ನಮ್ಮ ಮೂವರ ನಡುವೆ ಖಾಲಿಯಾಗಿಯೇ ಇತ್ತು.

ಬೇಕೆಂದೇ ಕಾಯಿಸಿದರೋ, ಉದಾಸೀನವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಉದಾಸೀನವಾಗಿದ್ದರೆ ಇನ್ನೂ ಕೆಟ್ಟದ್ದು. ಬೇಕೆಂದು ಮಾಡಿದವನಿಗೆ ಕನಿಷ್ಠ ಆ ಹುಡುಗಿ ಒಬ್ಬಳು ಇದ್ದಾಳೆಂದಾದರೂ ಗೊತ್ತಿರುತ್ತದೆ. ಕಿಟಕಿಯ ಬಿಸಿಲು ನೆಲದ ಮೇಲೆ ಸರಿಯುತ್ತ ಗೋಡೆ ಹತ್ತಿತು. ಲಲಿತಾ ಅದನ್ನೇ ನೋಡುತ್ತಿದ್ದಳು.

"ನಾ ಓಗ್ತೀನಿ ಟೀಚರಮ್ಮ. ಒತ್ತು ಮುಳುಗ್ತದೆ."

"ಹೋದ್ರೆ?"

"ಸಾಯಿಸ್ತಾನೆ."

"ನಾಳೆ ಬಂದು ಬರೆಸ್ತೀಯಾ?"

"ಇವತ್ತೋದ್ರೆ ನಾಳೆ ನಾ ಇರಾಕಿಲ್ಲ." ಸೆರಗಿನಿಂದ ಕಿವಿ ಒತ್ತಿಕೊಂಡು, "ಇಲ್ಲೇ ಇದ್ರೆ ಮಗಿ ಓಯ್ತದೆ" ಎಂದಳು.

ಟೀಚರಮ್ಮ ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿದರು. ಮುಖ ಬೂದಿ ಬಣ್ಣವಾಗಿತ್ತು. ನೋವಿಗೆ ಎಚ್ಚರ ತಪ್ಪಿತೇನೋ ಎಂದುಕೊಂಡೆ. ಕಣ್ಣು ಬಿಟ್ಟಾಗ ಅವರು ಪಾಠ ಕೇಳುವ ದನಿಯಲ್ಲಿ ನನ್ನನ್ನು ಕೇಳಿದರು.

"ಬಿಡಾರ ಎಲ್ಲಿದೆ?"

"ಕೆರೆ ಹತ್ರ."

"ತಪ್ಪು. ಹೋದ ವರ್ಷ ಎಲ್ಲಿತ್ತು? ಲೇಔಟಿನೋರು ಓಡಿಸಿದಾಗ ಆ ಮುದುಕಿ ಮಧ್ಯಾಹ್ನ ಡೇರೆ ಕಿತ್ತು, 'ದೀಪ ಎಲ್ಲಿ ಅಚ್ತೀವೋ ಅದೇ ಬಿಡಾರ, ನಡೀರಿ' ಅಂದ್ಲು. ನಾನು ಅಲ್ಲೇ ಇದ್ದೆ." ಸೊಂಟದಿಂದ ಮನೆಯ ಕೀಲಿ ಗೊಂಚಲು ಕಿತ್ತು ನನಗೆ ಕೊಟ್ಟರು. "ನನ್ನ ಮೊಪೆಡ್ ತಗೊಂಡು ಹೋಗು. ಎಲ್ಲಾ ಹೆಂಗಸರ್ನೂ ಬರೋಕೆ ಹೇಳು. ಮಗು ಬರ್ಲಿ, ಒಲೆ ಬರ್ಲಿ, ದೀಪ ಬರ್ಲಿ. ಇವಳು ಅಲ್ಲಿಗೆ ಹೋಗೋಕಾಗಲ್ಲ. ಅವರು ಇಲ್ಲಿಗೆ ಬರ್ಬೋದು."

ಆಟೋದಲ್ಲಿ ಮನೆಗೆ ಬಂದೆ, ಗೇಟಿನ ಹತ್ತಿರ ಅವನಿರಲಿಲ್ಲ. ಮೊಪೆಡ್ಡಿನಲ್ಲಿ ಕೆರೆ ದಾರಿ ಹಿಡಿದಾಗ ಸೂರ್ಯ ನೀಲಗಿರಿ ತೋಪಿನ ಮೇಲಿದ್ದ. ಬಿಡಾರದ ಬಾಯಲ್ಲೇ ಅವನು ನಿಂತಿದ್ದ. ಹಾರೆ ಕೈಯಲ್ಲೇ ಇತ್ತು. ನಮ್ಮ ಮನೆ ಮುಂದೆ ಕೂತು ಕೂತು, ಒಳಗೆ ಯಾರೂ ಇಲ್ಲವೆಂದು ತಿಳಿದು ವಾಪಸ್ಸಾಗಿದ್ದ. ಅವನು ಹಾರೆಯನ್ನು ಗಾಡಿಯ ಮುಂದಿನ ಚಕ್ರದ ಕಡ್ಡಿಗಳ ನಡುವೆ ತೂರಿಸಿ ನಿಲ್ಲಿಸಿದ.

"ಎಲ್ಲವ್ಳೆ?"

ಅವನ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು. ಅವನು ಹಾರೆ ಹೊರಗೆಳೆದು ಎತ್ತಿದ್ದರೆ, ಎಂದು ದಿನಕ್ಕೆ ಎಷ್ಟು ಸಲವೋ ಈಗಲೂ ಅಂದುಕೊಳ್ಳುತ್ತೇನೆ. ನನ್ನ ಮನಸ್ಸಿನಲ್ಲಿ ಅವನು ಎಷ್ಟೋ ಸಲ ಎತ್ತಿದ್ದಾನೆ. ಆದರೆ ನಾನು ಅವನಿಗೆ ಉತ್ತರ ಕೊಡಲಿಲ್ಲ. ಅವನ ಹೆಗಲ ಆಚೆಗೆ, ಒಲೆ ಊದುತ್ತಿದ್ದ ಮುದುಕಿಗೆ ಕೇಳುವಂತೆ, ಕನ್ನಡಕ್ಕೆ ಹರಕು ತಮಿಳು ಬೆರೆಸಿ ಕೂಗಿದೆ. ಲಲಿತಾ ಸ್ಟೇಷನ್ನಿನಲ್ಲಿದ್ದಾಳೆ, ಟೀಚರಮ್ಮನ ಕೈ ಮುರಿದಿದ್ದಾನೆ ಇವನು, ಕತ್ತಲಾಗುತ್ತಿದೆ, ದೀಪ ತಗೊಂಡು ಎಲ್ಲರೂ ಅಲ್ಲಿಗೇ ಬರಬೇಕಂತೆ.

ಮುದುಕಿ ಊದುಗೊಳವೆ ಕೆಳಗಿಟ್ಟು ನನ್ನನ್ನು ನೋಡಿದಳು. ಅವನನ್ನು ನೋಡಿದಳು. ಆಮೇಲೆ ಒಲೆಯ ಮೇಲಿದ್ದ ಅನ್ನದ ಪಾತ್ರೆಯನ್ನು ಹಾಗೇ ಬಟ್ಟೆಯಲ್ಲಿ ಹಿಡಿದು ಎತ್ತಿಕೊಂಡು, ತಮ್ಮ ಭಾಷೆಯಲ್ಲಿ ಒಂದು ಮಾತು ಅಂದಳು. ಡೇರೆಗಳಿಂದ ಹೆಂಗಸರು ಹೊರಗೆ ಬಂದರು. ಅವರಲ್ಲಿ ಎಷ್ಟೋ ಜನರ ಡೇರೆಯ ಬಾಯಿಗೆ ಆ ಮಡಚುವ ಮಂಚ ಒಂದಲ್ಲ ಒಂದು ರಾತ್ರಿ ಅಡ್ಡ ಬಿದ್ದಿತ್ತು. ಮುದುಕಿ ಅವನ ಪಕ್ಕದಿಂದಲೇ ಹಾದು ಹೋಗುವಾಗ ಹಾರೆಯನ್ನು ಕಾಲಲ್ಲಿ ಒದ್ದು ಬೀಳಿಸಿದಳು, ದಾರಿಯ ಕಲ್ಲನ್ನು ಒದೆಯುವ ಹಾಗೆ. ಅಷ್ಟು ಹೆಂಗಸರ ಮುಂದೆ ಅವನು ಅದನ್ನು ಮತ್ತೆ ಎತ್ತಲಿಲ್ಲ.

ಠಾಣೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಅವರು ಚಾಪೆ ಹಾಸಿದರು, ಮೂರು ಕಲ್ಲಿಟ್ಟು ಒಲೆ ಹೂಡಿದರು. ಲಲಿತಾ ಹೊರಗೆ ಬಂದು ಮಗಳನ್ನು ತೊಡೆಗೆ ಎಳೆದುಕೊಂಡು ಅವರ ನಡುವೆ ಕೂತಳು. ಆಕಾಶದಲ್ಲಿ ಇನ್ನೂ ಬೆಳಕಿತ್ತು. ಮುದುಕಿ ದೀಪ ಹಚ್ಚಿದಳು.

ಕತ್ತಲು ಇಳಿದ ಮೇಲೆ ಐಯಾ ಬಂದರು. ಜೀಪಿನ ದೀಪದ ಬೆಳಕಲ್ಲಿ ಅಂಗಳ ನೋಡಿ, ಇದೇನಿದು ಎಂದು ಗದರಿ, ಎಲ್ಲರೂ ಈಗಲೇ ಎದ್ದು ಜಾಗ ಖಾಲಿ ಮಾಡಬೇಕು ಎಂದರು.

"ದೀಪ ಅಚ್ಚಾಯ್ತು ಸಾಮಿ" ಎಂದಳು ಮುದುಕಿ. "ಕತ್ಲಾದ್ಮೇಲೆ ನಮ್ ಎಣ್ಮಕ್ಳು ಬಿಡಾರ ಬುಟ್ಟು ಓಗಂಗಿಲ್ಲ. ಬೆಳಿಗ್ಗೆ ಓಯ್ತೀವಿ."

ಅನ್ನ ಕುದಿಯುತ್ತಿತ್ತು. ಮಕ್ಕಳು ಜೀಪಿನ ಸುತ್ತ ಓಡುತ್ತಿದ್ದವು. ಎಸ್.ಐ. ಟೀಚರಮ್ಮನ ಕಡೆ ತಿರುಗಿ, ನೀವಾದರೂ ಹೇಳಿ ಮೇಡಂ ಎಂದರು.

"ನಾನು ಏನು ಹೇಳ್ಲಿ? ಮಧ್ಯಾಹ್ನದಿಂದ ನಿಮಗೆ ಕಾಯ್ತಿದ್ದೆ, ಇದನ್ನೇ ಹೇಳೋಣ ಅಂತ. ಬರ್ಕೊಳಿ."

ಲಲಿತಾ ಹೇಳಿದ್ದೆಲ್ಲ ಆಗ ಕಾಗದಕ್ಕೆ ಬಂತು. ವಿಳಾಸ ಏನು ಎಂದಾಗ ಹೆಡ್ ಕಾನ್‌ಸ್ಟೇಬಲ್ ತಾನೇ, "ಇವ್ರಿಗೆಲ್ಲಿ ವಿಳಾಸ, ಬಿಟ್ಬಿಡೋಣ" ಎಂದ. ಟೀಚರಮ್ಮ ತಮ್ಮ ಮನೆಯ ನಂಬರು, ಬೀದಿ, ಪಿನ್‌ಕೋಡು ಎಲ್ಲ ಹೇಳಿ ಬರೆಸಿದರು. ಅದಾದ ಮೇಲೆ ತಮ್ಮ ಕೈಯ ದೂರು ಕೊಟ್ಟರು. ಅದು ನಿಜವಾಗಿಯೂ ಹತ್ತು ನಿಮಿಷದಲ್ಲಿ ಮುಗಿಯಿತು. ಅವನನ್ನು ಆ ರಾತ್ರಿಯೇ ಹಿಡಿದರು. ಯಾವ ದೂರಿಗೆ ಹಿಡಿದರು ಎಂದು ಕೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಜಾಮೀನಿನ ಮೇಲೆ ಬಂದವನನ್ನು ಬಿಡಾರದ ಹಿರಿಯರು ಕೃಷ್ಣಗಿರಿ ಆಚೆಯ ಅವನ ಅಣ್ಣನ ಗುಂಪಿಗೆ ಕಳಿಸಿದರು. ಡೇರೆ ಲಲಿತಾಳಿಗೇ ಉಳಿಯಿತು, ಮಗಳೂ. ಟೀಚರಮ್ಮನ ಮಣಿಕಟ್ಟು ಸರಿಯಾಗಿ ಕೂಡಲೇ ಇಲ್ಲ. ಮೊಪೆಡ್ ಬಿಟ್ಟರು. ಮಂಚ ಬಿಡಲಿಲ್ಲ. ಕಡೆಗೆ ಒಂದು ಮುಂಜಾನೆ ಕಾಫಿಗೆ ನೀರಿಟ್ಟವರು ಅಡುಗೆಮನೆಯಲ್ಲೇ ಕುಸಿದರು. ನಾನು ಇಳಿದು ಬರುವಷ್ಟರಲ್ಲಿ ಮುಗಿದಿತ್ತು.

ಮೊನ್ನೆ ಬೆಳಿಗ್ಗೆ ಮನೆ ಮಾರುವ ಮಾತಿಗೆಂದು ಬಂದಿದ್ದ ಅವರ ತಮ್ಮನ ಮಗ ಗೇಟಿನಲ್ಲಿ ಯಾರ ಜೊತೆಗೋ ಮಾತಾಡುವುದು ಕೇಳಿಸಿತು. "ಲಲಿತಾನಾ? ಅಂಥೋರು ಯಾರೂ ಇಲ್ಲಿ ಇಲ್ಲ. ವಾಪಸ್ ತಗೊಂಡೋಗಿ." ಕೋರ್ಟಿನ ಸಮನ್ಸ್ ತಂದಿದ್ದ ಕಾನ್‌ಸ್ಟೇಬಲ್ ಆಗಲೇ ಬೈಕು ತಿರುಗಿಸುತ್ತಿದ್ದ. ಹಾಗೇ ಹೋಗಿದ್ದರೆ ಅದರ ಮೇಲೆ ವಿಳಾಸದಲ್ಲಿ ಇಲ್ಲ ಎಂದು ಬರೆಯುತ್ತಿದ್ದರು. ಕೇಸು ಅಲ್ಲಿಗೆ ಸಾಯುತ್ತಿತ್ತು. ನಾನು ಮೆಟ್ಟಿಲಿಳಿದು ಬಂದು, "ಇದ್ದಾರೆ. ನಡೀರಿ, ತೋರಿಸ್ತೀನಿ" ಎಂದೆ. ಟೀಚರಮ್ಮನ ತಮ್ಮನ ಮಗ, "ನಿಮಗ್ಯಾಕೆ ಮೇಡಂ ಇದೆಲ್ಲ" ಎಂದ. ಅವನಿಗೆ ಉತ್ತರ ಕೊಡುವಷ್ಟು ತಾಳ್ಮೆ ನನಗೂ ಇರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಲಲಿತಾ ತನ್ನವರ ಸಾಲಿನಲ್ಲಿ ಕೂತು ಕಾಲೇಜು ಹುಡುಗಿಯೊಬ್ಬಳಿಗೆ ಸರ ತೋರಿಸುತ್ತಿದ್ದಳು. ಕಾನ್‌ಸ್ಟೇಬಲ್ ಹೆಸರು ಕೂಗಿದಾಗ ತಲೆ ಎತ್ತಿ, "ನಾನೇ. ವಸಿ ಇರಿ ಸಾಮಿ, ಗಿರಾಕಿ ಅವ್ರೆ" ಎಂದಳು. ವ್ಯಾಪಾರ ಮುಗಿಸಿ, ಕಾಗದ ತೆಗೆದುಕೊಂಡು ನನ್ನ ಕೈಗೆ ಕೊಟ್ಟಳು. ಓದಿ ಹೇಳಿದೆ.

"ಎಷ್ಟೊತ್ಗೆ ಬರ್ಬೇಕು?"

"ಬೆಳಿಗ್ಗೆ ಹತ್ತೂವರೆಗೆ."

"ಸಂಜೆಗಂಟ ಕೂರ್ಸಿದ್ರೆ?"

ನಾನು ಕಾನ್‌ಸ್ಟೇಬಲ್ ಕಡೆ ನೋಡಿದೆ. ಕಾನ್‌ಸ್ಟೇಬಲ್ ಬೇರೆ ಕಡೆ ನೋಡಿದ. ಲಲಿತಾ ಪಕ್ಕದ ಹೆಂಗಸರ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಅಂದಳು. ಅವರು ಮಣಿ ಪೋಣಿಸುವುದು ನಿಲ್ಲಿಸದೆಯೇ ಒಬ್ಬೊಬ್ಬರಾಗಿ ಉತ್ತರ ಕೊಟ್ಟರು. ಅವಳು ಕಾಗದವನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡು ಕಾನ್‌ಸ್ಟೇಬಲ್‌ಗೆ ಹೇಳಿದಳು.

"ಎಲ್ರೂ ಬತ್ತೀವಿ ಅಂತ ನಿಮ್ ಐಯಾಗೆ ಹೇಳ್ಬುಡಿ."